ಪಾಸ್‌ಪೋರ್ಟ್ ಸೈಜ್ ಫೋಟೋ: ಮನೆಯಲ್ಲಿ ತೆಗೆದು ಪ್ರಿಂಟ್ ಮಾತ್ರ ಹೊರಗೆ ಹಾಕಿಸಿದರೆ ಎಷ್ಟು ಉಳಿಯುತ್ತದೆ, ಎಲ್ಲೆಲ್ಲಿ ನಡೆಯುತ್ತದೆ?

ತುಂಗಾತೀರ, ಶಿವಮೊಗ್ಗ

ಶಾಲೆ ಕಾಲೇಜು ಶುರುವಾಗುವ ಹೊತ್ತು. ಮಕ್ಕಳಿರುವ ಮನೆಯಲ್ಲಿ ಫೋಟೋ ಕೇಳುವವರಿಗೆ ಕೊನೆಯೇ ಇಲ್ಲ. ಅಡ್ಮಿಷನ್‌ಗೆ ನಾಲ್ಕು, ಹಾಸ್ಟೆಲ್‌ಗೆ ಮೂರು, ಬ್ಯಾಂಕ್ ಖಾತೆಗೆ ಎರಡು, ಲೈಬ್ರರಿ ಕಾರ್ಡಿಗೆ ಒಂದು. ನಮ್ಮ ಕಡೆ ಸ್ಟುಡಿಯೋದಲ್ಲಿ 8 ಫೋಟೋಗೆ 100ರಿಂದ 120 ರೂಪಾಯಿ. ಮನೆಮಂದಿಗೆಲ್ಲ ಬೇಕು ಅಂದರೆ ಒಂದೇ ಸಲಕ್ಕೆ 400 ದಾಟುತ್ತದೆ. ಅದೇ 4×6 ಇಂಚಿನ ಒಂದು ಪ್ರಿಂಟ್‌ಗೆ 15ರಿಂದ 20 ರೂಪಾಯಿ. ಆ ಒಂದು ಹಾಳೆಯಲ್ಲೇ 8 ಫೋಟೋ ಕೂರುತ್ತವೆ. ಅದಕ್ಕೇ ನಮ್ಮನೆಯಲ್ಲಿ ಈಗ ಫೋಟೋ ನಾವೇ ತೆಗೆದು ಪ್ರಿಂಟ್ ಮಾತ್ರ ಹೊರಗೆ ಹಾಕಿಸುತ್ತೇವೆ.

ಎಲ್ಲರೂ ಮೊದಲು ಕೇಳುವುದು ಯಾವ ಆ್ಯಪ್ ಅಂತ. ಆ್ಯಪ್ ಆಮೇಲಿನ ಮಾತು. ಬೆಳಕು, ಹಿಂದಿನ ಬಟ್ಟೆ, ನಿಲ್ಲುವ ದೂರ ಈ ಮೂರು ಸರಿ ಇದ್ದರೆ ಎಡಿಟ್ ಮಾಡಲು ಏನೂ ಉಳಿಯುವುದಿಲ್ಲ. ಈ ಮೂರು ತಪ್ಪಿದರೆ ಎಂಥ ಆ್ಯಪ್ ಇದ್ದರೂ ಕೌಂಟರ್‌ನಲ್ಲಿ ವಾಪಸ್ ಕೊಡುತ್ತಾರೆ.

ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಬಿಸಿಲು ನೇರ ಬೀಳದ ದೊಡ್ಡ ಕಿಟಕಿ ಹುಡುಕಿ. ಕಿಟಕಿ ಚಿಕ್ಕದಾಗಿದ್ದರೆ ಮುಂಬಾಗಿಲೇ ಒಳ್ಳೆಯದು. ಬಾಗಿಲು ಪೂರ್ತಿ ತೆಗೆದು, ಹೊಸ್ತಿಲಿನಿಂದ ನಾಲ್ಕೈದು ಹೆಜ್ಜೆ ಒಳಗೆ, ಹೊರಗೆ ಮುಖ ಮಾಡಿ ನಿಲ್ಲಿಸಿ. ಬೆಳಕು ಎರಡೂ ಕೆನ್ನೆಗೆ ಒಂದೇ ಸಮ ಬೀಳಬೇಕು. ಟ್ಯೂಬ್‌ಲೈಟ್ ಆರಿಸಿಬಿಡಿ. ಹೊರಗಿನ ಬೆಳಕಿನ ಬಣ್ಣ ಬೇರೆ, ಬಲ್ಬಿನ ಬಣ್ಣ ಬೇರೆ. ಎರಡೂ ಸೇರಿದರೆ ಒಂದು ಕೆನ್ನೆ ನೀಲಿ, ಇನ್ನೊಂದು ಕೆನ್ನೆ ಹಳದಿ ಕಾಣುತ್ತದೆ.

ಹಿಂದೆ ಬಿಳಿ ಪಂಚೆ. ಒಗೆದು ಇಸ್ತ್ರಿ ಮಾಡಿದ್ದಿರಲಿ. ಎರಡು ಮಡಿಕೆ ಮಾಡಿ ಕಟ್ಟಿ, ಇಲ್ಲದಿದ್ದರೆ ಗೋಡೆಯ ಬಣ್ಣ ಒಳಗಿಂದ ಇಣುಕುತ್ತದೆ. ಜರಿ ಅಂಚನ್ನು ಹಿಂದಕ್ಕೆ ಮಡಚಿ. ಪಂಚೆಗೆ ಅಂಟಿಕೊಂಡು ನಿಲ್ಲಬೇಡಿ, ಎರಡು ಮೂರು ಅಡಿ ಮುಂದೆ ಬನ್ನಿ. ಆಗ ನೆರಳು ಬಟ್ಟೆಯ ಮೇಲೆ ಬೀಳುವುದಿಲ್ಲ. ಕಿವಿಯ ಪಕ್ಕ ಆ ಕಪ್ಪು ನೆರಳು ಕಂಡರೂ ಫೋಟೋ ತಿರಸ್ಕಾರ ಆಗಬಹುದು.

ಫೋನಿನ ಹಿಂದಿನ ಕ್ಯಾಮೆರಾ ಬಳಸಿ. ಐದಾರು ಅಡಿ ದೂರ ನಿಂತು, ಫೋನನ್ನು ಎದುರಿನವರ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. 2× ಜೂಮ್ ಇದ್ದರೆ ಹಾಕಿ. ಬ್ಯೂಟಿ, ಪೋರ್ಟ್ರೇಟ್, ಫ್ಲ್ಯಾಶ್ ಮೂರೂ ಬಂದ್. ತಲೆಯ ಮೇಲೆ, ಭುಜದ ಪಕ್ಕ ಧಾರಾಳವಾಗಿ ಜಾಗ ಬಿಟ್ಟು ತೆಗೆಯಿರಿ. ಆಮೇಲೆ ಕತ್ತರಿಸಿಕೊಳ್ಳಬಹುದು, ಬಿಟ್ಟುಹೋದದ್ದನ್ನು ಸೇರಿಸಲು ಆಗುವುದಿಲ್ಲ.

ಇನ್ನು ಲೆಕ್ಕ. ನಮ್ಮಲ್ಲಿ ಪಾಸ್‌ಪೋರ್ಟ್ ಸೈಜ್ ಅಂದರೆ 3.5×4.5 ಸೆಂ.ಮೀ. 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕೆಯ ಲೆಕ್ಕಕ್ಕೆ, ಅದು 413×531 ಪಿಕ್ಸೆಲ್. 4×6 ಇಂಚಿನ ಹಾಳೆ 1200×1800 ಪಿಕ್ಸೆಲ್. ಹಾಳೆಯನ್ನು ಉದ್ದುದ್ದ ಇಟ್ಟರೆ 6 ಫೋಟೋ ಮಾತ್ರ ಹಿಡಿಯುತ್ತವೆ. ಅಡ್ಡ ಮಲಗಿಸಿದರೆ ಸಾಲಿಗೆ ನಾಲ್ಕರಂತೆ ಎರಡು ಸಾಲು, ಒಟ್ಟು 8. ನಡುವೆ ಕತ್ತರಿ ಆಡಿಸಲು ಜಾಗವೂ ಉಳಿಯುತ್ತದೆ. ಕಂಪ್ಯೂಟರ್ ಇದ್ದವರು ಜಿಂಪ್‌ನಲ್ಲೋ ಇರ್ಫಾನ್‌ವ್ಯೂನಲ್ಲೋ ಜೋಡಿಸಬಹುದು, ಎರಡೂ ಫೋಟೋ ಸಾಫ್ಟ್‌ವೇರ್, ಮನೆ ಬಳಕೆಗೆ ಪುಕ್ಕಟೆ.

ನೀವೂ ಹೀಗೆ ಮಾಡುತ್ತಿದ್ದರೆ ಬರೆಯಿರಿ. ಎಲ್ಲಿ ನಡೆಯಿತು, ಎಲ್ಲಿ ಬೇಡ ಅಂದರು ಅನ್ನುವುದು ಎಲ್ಲರಿಗೂ ಗೊತ್ತಾಗಲಿ.

ಹೊಸಪೇಟೆ ಹುಡುಗ

ಅಕ್ಕಾ, ನಾನು ರೂಮಲ್ಲಿ ಒಬ್ಬನೇ ಇರುವುದು. ಸೆಲ್ಫಿ ತೆಗೆದು ಆ್ಯಪ್‌ನಲ್ಲಿ ಹಿಂದಿನದ್ದೆಲ್ಲ ಅಳಿಸಿ ಬಿಳಿ ಮಾಡಿದರೆ ಆಗಲ್ವಾ? ಒಂದು ನಿಮಿಷದ ಕೆಲಸ. ಪಂಚೆ ಕಟ್ಟಲು ಇಲ್ಲಿ ಮೊಳೆಯೂ ಇಲ್ಲ.

ತುಂಗಾತೀರ, ಶಿವಮೊಗ್ಗ

ಸೆಲ್ಫಿ ಬೇಡ ತಮ್ಮಾ. ಕೈ ಚಾಚಿದಷ್ಟು ಹತ್ತಿರದಿಂದ ತೆಗೆದರೆ ಮೂಗು ದಪ್ಪ ಆಗಿ ಕಿವಿ ಹಿಂದಕ್ಕೆ ಸರಿದ ಹಾಗೆ ಬರುತ್ತದೆ. ಕ್ಯಾಮೆರಾಕ್ಕೆ ಮೂಗು ತೀರಾ ಹತ್ತಿರ, ಕಿವಿ ಅದಕ್ಕಿಂತ ದೂರ, ಅದಕ್ಕೆ. ಐದಾರು ಅಡಿ ದೂರ ಹೋದರೆ ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ, ಮುಖ ಇದ್ದ ಹಾಗೆ ಬರುತ್ತದೆ. ಫೋನನ್ನು ಬೀರು ಅಥವಾ ಕಿಟಕಿಯ ಕಟ್ಟೆಯ ಮೇಲೆ ಪುಸ್ತಕ ಪೇರಿಸಿ ನಿಲ್ಲಿಸು. 10 ಸೆಕೆಂಡ್ ಟೈಮರ್ ಹಾಕು. ನಿಲ್ಲಬೇಕಾದ ಜಾಗದಲ್ಲಿ ನೆಲಕ್ಕೆ ಒಂದು ಚಾಕ್‌ಪೀಸ್ ಗೆರೆ ಎಳೆದುಕೋ.

ಆ್ಯಪ್ ಕತ್ತರಿಸಿದ ಹಿನ್ನೆಲೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಕೂದಲಿನ ಅಂಚು ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಇರುತ್ತದೆ, ಕಿವಿಯ ಮೇಲ್ತುದಿ ಒಮ್ಮೊಮ್ಮೆ ಮಾಯ. ಕಾಲೇಜಿನ ಐಡಿ ಕಾರ್ಡಿಗೆ ನಡೆದೀತು. ವೀಸಾಕ್ಕೆ ಬೇಡ. ಮೊಳೆ ಇಲ್ಲದಿದ್ದರೆ ಎರಡು ಬಿಳಿ ಡ್ರಾಯಿಂಗ್ ಶೀಟ್ ಟೇಪ್ ಹಾಕಿ ಗೋಡೆಗೆ ಅಂಟಿಸು.

ಹುಬ್ಳಿ ಮಂದಿ

ಮೇಡಂ, ಚಲೋ ಬರೆದೀರಿ. ಆದರ ಒಂದು ಮಾತು ಮೊದಲೇ ಹೇಳಬೇಕು ನೋಡ್ರಿ. ಬಹಳ ಜನ ಭಾರತದ ಪಾಸ್‌ಪೋರ್ಟ್ ಮಾಡಿಸಲಿಕ್ಕೇ ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅದರ ಅಗತ್ಯವೇ ಇಲ್ಲ! ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಕೌಂಟರ್‌ನವರೇ ಕ್ಯಾಮೆರಾದಲ್ಲಿ ಫೋಟೋ ತೆಗೆಯುತ್ತಾರೆ, ಬೆರಳಚ್ಚೂ ಅಲ್ಲೇ. ಹುಬ್ಬಳ್ಳಿ, ಮಂಗಳೂರು, ಬೆಂಗಳೂರು ಎಲ್ಲಾ ಕಡೆ ಹಂಗ. ದೊಡ್ಡವರಿಗೆ ಸಾಮಾನ್ಯ 36 ಪುಟದ ಪಾಸ್‌ಪೋರ್ಟ್‌ಗೆ 1500 ರೂಪಾಯಿ ಫೀ, ಫೋಟೋದ ಕೆಲಸವೂ ಅದರಲ್ಲೇ ಮುಗಿಯಿತು. ಬಿಳಿ ಅಂಗಿ ಮಾತ್ರ ಹಾಕಿಕೊಂಡು ಹೋಗಬ್ಯಾಡ್ರಿ. ಹಿಂದಿನ ಪರದೆಯೂ ಬಿಳಿ, ಭುಜ ಎಲ್ಲಿ ಮುಗಿಯಿತು ಅಂತ ಗೊತ್ತಾಗೋದಿಲ್ಲ.

ಡಿಎಲ್‌ಗೂ ಆಧಾರ್‌ಗೂ ಅಲ್ಲೇ ತೆಗೆಯುತ್ತಾರೆ. ಹಂಗಾಗಿ ಫೋಟೋ ತೆಗೆಯೋಕಿಂತ ಮುಂಚೆ, ಫೋಟೋ ಬೇಕೋ ಬೇಡವೋ ಅಂತ ಅರ್ಜಿ ಓದ್ರಿ. ದೊಡ್ಡ ಉಳಿತಾಯ ಅದರಾಗೇ ಐತಿ.

ಬಾಣಂತಿ ಮನೆ, ಮೈಸೂರು

ಹುಬ್ಳಿಯವರು ಹೇಳಿದ್ದು ದೊಡ್ಡವರಿಗೆ ಸರಿ. 4 ವರ್ಷದ ಒಳಗಿನ ಮಕ್ಕಳಿಗೆ ಫೋಟೋ ನಾವೇ ಒಯ್ಯಬೇಕು. 4.5×3.5 ಸೆಂ.ಮೀ., ಬಿಳಿ ಹಿನ್ನೆಲೆ. ನನ್ನ ಮಗು ಇನ್ನೂ ಕತ್ತು ಪೂರ್ತಿ ನಿಲ್ಲಿಸುವುದಿಲ್ಲ. ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸುವ ಮಾತೇ ಇಲ್ಲ. ಮನೆಯಲ್ಲಿ ಹೇಗೆ ತೆಗೆಯುವುದು, ಯಾರಾದರೂ ಹೇಳ್ತೀರಾ?

ಸ್ಟುಡಿಯೋ ಅಣ್ಣ, ದಾವಣಗೆರೆ

ನಾನು ಸ್ಟುಡಿಯೋದವನೇ. ಆದರೂ ಹೇಳುತ್ತೇನೆ ತಂಗಿ, ಎಳೆ ಮಗುವಿನ ಫೋಟೋ ಮನೆಯಲ್ಲೇ ಚೆನ್ನಾಗಿ ಬರುತ್ತದೆ. ನಮ್ಮಲ್ಲಿಗೆ ಕರೆತಂದರೆ ಲೈಟು, ಸದ್ದು, ಹೊಸ ಮುಖ ನೋಡಿ ಅಳಲು ಶುರು ಮಾಡುತ್ತವೆ. ಅತ್ತ ಮುಖ ಕೆಂಪಾಗಿ, ಸಮಾಧಾನ ಆಗಲು ಅರ್ಧ ಗಂಟೆ ಬೇಕು.

ಕಿಟಕಿಯ ಹತ್ತಿರ ನೆಲಕ್ಕೆ ಚಾಪೆ, ಅದರ ಮೇಲೆ ಮಡಚಿದ ಬಿಳಿ ಬೆಡ್‌ಶೀಟ್ ಬಿಗಿಯಾಗಿ ಹಾಸಿ. ಮಗುವನ್ನು ಅಂಗಾತ ಮಲಗಿಸಿ. ಕಾಲು ಕಿಟಕಿಯ ಕಡೆಗಿರಲಿ, ಆಗ ಬೆಳಕು ಗಲ್ಲದ ಕಡೆಯಿಂದ ಮುಖದ ಮೇಲೆ ಹರಿದು ನೆರಳು ತಲೆಯ ಹಿಂದಕ್ಕೆ ಹೋಗುತ್ತದೆ. ಗಲ್ಲದ ಕೆಳಗೆ ಕಪ್ಪಾಗುವುದಿಲ್ಲ. ನೀವು ಮಗುವಿನ ಎರಡೂ ಪಕ್ಕ ಕಾಲಿಟ್ಟು ನಿಂತು ಮೇಲಿನಿಂದ ನೆಟ್ಟಗೆ ತೆಗೆಯಿರಿ. ಫೋನು ಕೈ ಜಾರಿದರೆ ಮಗುವಿನ ಮೇಲೇ ಬೀಳುತ್ತದೆ, ಕುತ್ತಿಗೆಗೆ ಹಾಕುವ ದಾರ ಕಟ್ಟಿಕೊಳ್ಳಿ. ಇನ್ನೊಬ್ಬರು ನಿಮ್ಮ ಭುಜದ ಹಿಂದಿನಿಂದ ಗಿಲಕಿ ಆಡಿಸಲಿ, ಮಗುವಿನ ಕಣ್ಣು ಕ್ಯಾಮೆರಾ ಕಡೆಗೇ ಬರುತ್ತದೆ. ಯಾರ ಕೈಯೂ ಚಿತ್ರದಲ್ಲಿ ಬರಬಾರದು. ನಿಪ್ಪಲ್, ಟೋಪಿ ಬೇಡ. ಹೊಟ್ಟೆ ತುಂಬಿ ನಿದ್ದೆಗೆ ಮುಂಚಿನ ಹೊತ್ತು ಎಲ್ಲಕ್ಕಿಂತ ಒಳ್ಳೆಯದು.

ದೃಷ್ಟಿಬೊಟ್ಟು ಕೆನ್ನೆಯ ಮೇಲೆ ದೊಡ್ಡದಾಗಿ ಇಟ್ಟಿದ್ದರೆ ಆ ಹೊತ್ತಿಗೆ ಒರೆಸಿ, ಆಮೇಲೆ ಇಡಿ. ಗುರುತು ಹಿಡಿಯುವ ಫೋಟೋದಲ್ಲಿ ಅದು ಮಚ್ಚೆಯ ಹಾಗೆ ಕಾಣುತ್ತದೆ.

ಬಾಣಂತಿ ಮನೆ, ಮೈಸೂರು

ತುಂಬಾ ಉಪಕಾರ ಆಯ್ತು ಅಣ್ಣ. ಗಿಲಕಿ ಆಡಿಸುವ ಕೆಲಸ ನಮ್ಮತ್ತೆಗೆ ಒಪ್ಪಿಸುತ್ತೇನೆ.

ಧಾರವಾಡ ರೂಮ್

ಇಲ್ಲಿ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಪ್ರಿಂಟ್‌ಗಿಂತ ಅಪ್‌ಲೋಡ್ ದೊಡ್ಡ ತಲೆನೋವು. ಸೈಬರ್ ಸೆಂಟರ್‌ನಲ್ಲಿ ಫೋಟೋ ಸಣ್ಣದು ಮಾಡಿಕೊಡಲು ಬೇರೆ ದುಡ್ಡು, ಸಹಿಗೆ ಬೇರೆ ದುಡ್ಡು. ತಿಂಗಳಿಗೆ ಮೂರ್ನಾಲ್ಕು ಅರ್ಜಿ ಹಾಕುವವರಿಗೆ ಅದೂ ಭಾರವೇ.

ಒಂದೊಂದು ಕಡೆ ಒಂದೊಂದು ಅಳತೆ. ಬ್ಯಾಂಕ್ ನೌಕರಿಯ ಐಬಿಪಿಎಸ್ ಪರೀಕ್ಷೆಗೆ 200×230 ಪಿಕ್ಸೆಲ್, 20ರಿಂದ 50 ಕೆಬಿ ಒಳಗೆ. ಕೇಂದ್ರ ಸರ್ಕಾರದ ನೌಕರಿಗೆ ಪರೀಕ್ಷೆ ನಡೆಸುವ ಎಸ್‌ಎಸ್‌ಸಿಯಲ್ಲಿ 2024ರಿಂದ ತೆಗೆದಿಟ್ಟ ಫೋಟೋ ಹಾಕುವ ಹಾಗೇ ಇಲ್ಲ, ಅರ್ಜಿ ತುಂಬುವಾಗಲೇ ಕ್ಯಾಮೆರಾ ತೆರೆದುಕೊಂಡು ತೆಗೆಯುತ್ತದೆ. ಅಲ್ಲೂ ತುಂಗಾತೀರ ಅಕ್ಕ ಹೇಳಿದ ಬೆಳಕು, ಬಿಳಿ ಗೋಡೆಯ ಮಾತೇ ಕೆಲಸಕ್ಕೆ ಬರುತ್ತದೆ. ಹಿಂದೆ ಗೆಳೆಯನ ಮಂಚ, ಒಣಹಾಕಿದ ಟವೆಲ್ ಕಂಡರೆ ಅರ್ಜಿಗೇ ತೊಂದರೆ.

ಕೆಬಿ ಇಳಿಸಲು ನಾನು ಸ್ಕ್ವೂಶ್ ಬಳಸುತ್ತೇನೆ. ಗೂಗಲ್‌ನವರದ್ದು, ಬ್ರೌಸರ್‌ನಲ್ಲೇ ನಡೆಯುತ್ತದೆ, ಫೋಟೋ ನಮ್ಮ ಫೋನಿನಿಂದ ಆಚೆ ಹೋಗುವುದಿಲ್ಲ. ಮೊದಲು ಪಿಕ್ಸೆಲ್ ಅಳತೆಗೆ ತನ್ನಿ, ಆಮೇಲೆ ಗುಣಮಟ್ಟದ ಪಟ್ಟಿ ಎಳೆದು ಕೆಬಿ ಇಳಿಸಿ. ಉಲ್ಟಾ ಮಾಡಿದರೆ ಮುಖ ಚೌಕ ಚೌಕ ಆಗುತ್ತದೆ. 20 ಕೆಬಿಗಿಂತ ಕಡಿಮೆ ಆದರೂ ತೆಗೆದುಕೊಳ್ಳುವುದಿಲ್ಲ ಅನ್ನುವುದನ್ನು ನೆನಪಿಡಿ.

ಇನ್ನೊಂದು: ಒಂದು ಅರ್ಜಿಗೆ ಹಾಕಿದ ಫೋಟೋದ ಪ್ರಿಂಟನ್ನೇ ಪರೀಕ್ಷೆಯ ದಿನವೂ ಒಯ್ಯಬೇಕಾಗುತ್ತದೆ. ಅದಕ್ಕೆ ಮೂಲ ಫೈಲ್‌ಗೆ ಪರೀಕ್ಷೆಯ ಹೆಸರಿಟ್ಟು ಜೋಪಾನ ಮಾಡಿ. ನೀಟ್ ಬರೆಯುವವರಿಗೆ ಪಾಸ್‌ಪೋರ್ಟ್ ಸೈಜ್ ಜೊತೆ 4×6 ಇಂಚಿನ ಪೋಸ್ಟ್‌ಕಾರ್ಡ್ ಸೈಜ್ ಕೂಡ ಬೇಕು. ಫೋಟೋ ನಾವೇ ತೆಗೆದಿದ್ದರೆ ಎರಡೂ ಒಂದೇ ಫೈಲ್‌ನಿಂದ ಬರುತ್ತವೆ.

ಸ್ಟುಡಿಯೋ ಅಣ್ಣ, ದಾವಣಗೆರೆ

ಪ್ರಿಂಟ್ ಹಾಕಿಸುವವರಿಗೆ ಕೆಲವು ಮಾತು ಹೇಳಬೇಕಿದೆ. ದಿನವೂ ನೋಡುತ್ತೇನೆ.

ವಾಟ್ಸಾಪ್‌ನಲ್ಲಿ ಫೋಟೋವನ್ನು ಹಾಗೇ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ತನ್ನಿ. ಲ್ಯಾಬಿನ ಮೆಷಿನ್ ಬಣ್ಣ, ಬೆಳಕು ತಾನೇ ಸರಿಮಾಡಲು ಹೋಗುತ್ತದೆ. ಹಾಳೆಯ ತುಂಬ ಬಿಳಿ ಇರುವುದರಿಂದ ಅದಕ್ಕೆ ಫೋಟೋ ಜಾಸ್ತಿ ಬೆಳ್ಳಗಿದೆ ಅನಿಸಿ ಮುಖವನ್ನು ಕಪ್ಪು ಮಾಡಿಬಿಡುತ್ತದೆ. 'ಕರೆಕ್ಷನ್ ಬೇಡ, ಕ್ರಾಪ್ ಬೇಡ' ಅಂತ ಬಾಯಿಬಿಟ್ಟು ಹೇಳಿ. ಅಂಚಿಲ್ಲದ ಪ್ರಿಂಟ್ ಹಾಕುವಾಗ ಮೆಷಿನ್ ಸುತ್ತಲೂ ಒಂದಿಷ್ಟು ಕತ್ತರಿಸುತ್ತದೆ. ಅದಕ್ಕೇ ಫೋಟೋಗಳನ್ನು ಹಾಳೆಯ ಅಂಚಿಗೆ ಒತ್ತಿ ಜೋಡಿಸಬೇಡಿ, ನಡುವೆ ಕೂರಿಸಿ. ಪ್ರಿಂಟ್ ಕೈಗೆ ಬಂದ ಮೇಲೆ ಸ್ಕೇಲ್ ಇಟ್ಟು ಒಂದು ಫೋಟೋ ಅಳೆಯಿರಿ. 35 ಮಿ.ಮೀ. ಇರಬೇಕಾದ್ದು 36 ಅಥವಾ 37 ಬಂದಿದ್ದರೆ ಮೆಷಿನ್ ಹಿಗ್ಗಿಸಿದೆ ಅಂತಲೇ ಅರ್ಥ. ಅಲ್ಲೇ ವಾಪಸ್ ಕೊಟ್ಟು ಸರಿಮಾಡಿಸಿ.

ಇನ್ನು ರೇಟಿನ ಮಾತು. 20 ರೂಪಾಯಿ ಪ್ರಿಂಟ್‌ಗೆ 100 ಯಾಕೆ ಅಂತ ಅನಿಸುವುದು ಸಹಜ. ಆ 100ರಲ್ಲಿ ಬಾಡಿಗೆ, ಕರೆಂಟು, ಲೈಟು, ಕ್ಯಾಮೆರಾ, ಹುಡುಗನ ಸಂಬಳ ಎಲ್ಲ ಇದೆ. ಮದುವೆ ಸೀಸನ್ ಇಲ್ಲದ ಆಷಾಢದಲ್ಲಿ ನಮ್ಮಂಥ ಸಣ್ಣ ಸ್ಟುಡಿಯೋ ಬಾಗಿಲು ತೆರೆದಿರುವುದೇ ಪಾಸ್‌ಪೋರ್ಟ್ ಸೈಜ್ ಫೋಟೋದಿಂದ. ಮನೆಯಲ್ಲಿ ತೆಗೆಯುವವರ ಮೇಲೆ ನನಗೆ ಬೇಜಾರಿಲ್ಲ. ಪ್ರಿಂಟ್ ಮಾತ್ರ ಹತ್ತಿರದ ಸ್ಟುಡಿಯೋದಲ್ಲೇ ಹಾಕಿಸಿ. ಮತ್ತೆ ಅರ್ಜೆಂಟ್ ಇದ್ದ ದಿನ, ಬೆಳಕಿಲ್ಲದ ಮಳೆಗಾಲದ ದಿನ ನಮ್ಮಲ್ಲಿಗೇ ಬನ್ನಿ.

ತುಂಗಾತೀರ, ಶಿವಮೊಗ್ಗ

ಅಣ್ಣಾ, ಇದನ್ನು ನೀವೇ ಹೇಳಿದ್ದು ಒಳ್ಳೆಯದಾಯಿತು. ನಾವು ಪ್ರಿಂಟ್ ಹಾಕಿಸುವುದೂ ಬೀದಿ ಕೊನೆಯ ಸ್ಟುಡಿಯೋದಲ್ಲೇ. 15 ರೂಪಾಯಿಗೆ ಚೌಕಾಸಿ ಮಾಡುವುದು ಸರಿಯಲ್ಲ ಅಂತ ನನಗೂ ಅನಿಸುತ್ತದೆ. ಒಂದು ಕೇಳಬೇಕಿತ್ತು. ಎಣ್ಣೆ ಮುಖ ಹೊಳೆಯುವುದಕ್ಕೆ, ಮೂಗುತಿ ಮಿಂಚುವುದಕ್ಕೆ ಏನು ಮಾಡುತ್ತೀರಿ?

ಸ್ಟುಡಿಯೋ ಅಣ್ಣ, ದಾವಣಗೆರೆ

ಒದ್ದೆ ಟವೆಲ್‌ನಲ್ಲಿ ಒರೆಸಿ, ಒಣಗಿದ ಮೇಲೆ ಹಣೆ, ಮೂಗು, ಗಲ್ಲಕ್ಕೆ ಸ್ವಲ್ಪವೇ ಪೌಡರ್. ಬೋಳು ತಲೆಗೂ ಅಷ್ಟೇ. ಮೂಗುತಿ ತೆಗೆಯಬೇಕಿಲ್ಲ, ಫ್ಲ್ಯಾಶ್ ಇಲ್ಲದಿದ್ದರೆ ಅದು ಮಿಂಚುವುದಿಲ್ಲ. ಕುಂಕುಮ, ವಿಭೂತಿ ಇದ್ದರೂ ಇರಲಿ. ಮುಡಿದ ಹೂವು ಕಿವಿಯ ಪಕ್ಕಕ್ಕೆ ಇಳಿಯದ ಹಾಗೆ ಹಿಂದಕ್ಕೆ ಸರಿಸಿ.

ಸರ್ಕಾರಿ ಶಾಲೆ ಟೀಚರ್, ರಾಯಚೂರು ಕಡೆ

ನಾನು ಪ್ರತಿ ವರ್ಷ ಹತ್ತನೇ ಕ್ಲಾಸಿನ ಮಕ್ಕಳ ಫೋಟೋ ಶಾಲೆಯ ಜಗುಲಿಯಲ್ಲೇ ತೆಗೆಯುತ್ತೇನೆ. ಎಸ್‌ಎಸ್‌ಎಲ್‌ಸಿ ನೋಂದಣಿಗೆ ಫೋಟೋ ಬೇಕು. ಹತ್ತಿರದ ಸ್ಟುಡಿಯೋ ಇರುವುದು ತಾಲ್ಲೂಕು ಕೇಂದ್ರದಲ್ಲಿ. ಬಸ್ ಚಾರ್ಜು, ಫೋಟೋದ ದುಡ್ಡು, ಜೊತೆಗೆ ಅಪ್ಪನೋ ಅಮ್ಮನೋ ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ಒಂದು ಫೋಟೋಗೆ ಆ ಮನೆಯಿಂದ ಹೋಗುವುದು ಬರೀ 100 ರೂಪಾಯಿ ಅಲ್ಲ.

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನಮ್ಮ ಮಕ್ಕಳ ಬಣ್ಣ ಕಪ್ಪು. ಬಿಳಿ ಗೋಡೆಯ ಮುಂದೆ ನಿಲ್ಲಿಸಿದರೆ ಫೋನು ಗೋಡೆಯ ಬೆಳಕನ್ನೇ ಲೆಕ್ಕ ಹಿಡಿದು ಮುಖವನ್ನು ಇನ್ನೂ ಕತ್ತಲು ಮಾಡುತ್ತದೆ. ಕಣ್ಣು ಮೂಗು ಗುರುತೇ ಸಿಗುವುದಿಲ್ಲ. ಆಮೇಲೆ ಎಡಿಟ್ ಮಾಡಿ ಬೆಳ್ಳಗೆ ಮಾಡಿದರೆ ಮಗುವಿನ ಮುಖ ಬೂದಿ ಬಣ್ಣಕ್ಕೆ ತಿರುಗುತ್ತದೆ, ನೋಡಲು ಸಂಕಟ. ಅದಕ್ಕೆ ತೆಗೆಯುವಾಗಲೇ ಪರದೆಯ ಮೇಲೆ ಮಗುವಿನ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ. ಒಂದು ಸೂರ್ಯನ ಗುರುತು ಬರುತ್ತದೆ, ಅದನ್ನು ಸ್ವಲ್ಪ ಮೇಲೆ ಎಳೆಯಿರಿ. ಹುಬ್ಬಿನ ಕೂದಲು, ಕಣ್ಣಿನ ಕರಿಗುಡ್ಡೆ ಬೇರೆ ಬೇರೆ ಕಾಣುವವರೆಗೆ ಎಳೆದು ನಿಲ್ಲಿಸಿ. ಇನ್ನೊಬ್ಬ ಹುಡುಗನ ಕೈಯಲ್ಲಿ ಒಂದು ಬಿಳಿ ಚಾರ್ಟ್ ಪೇಪರ್ ಕೊಟ್ಟು, ಮಗುವಿನ ಎದೆಯ ಕೆಳಗೆ ಚಿತ್ರದಲ್ಲಿ ಬರದ ಹಾಗೆ ಅಡ್ಡ ಹಿಡಿಸಿ. ಬೆಳಕು ಅದಕ್ಕೆ ಬಡಿದು ಕಣ್ಣಿನ ಕೆಳಗಿನ ಕಪ್ಪು ಹೋಗುತ್ತದೆ.

ಮಗು ಹೇಗಿದೆಯೋ ಹಾಗೇ ಸ್ಪಷ್ಟವಾಗಿ ಕಾಣಬೇಕು. ಬಣ್ಣ ಬದಲಿಸುವ ಫಿಲ್ಟರ್ ದಯವಿಟ್ಟು ಯಾರೂ ಹಾಕಬೇಡಿ.

ಮಲ್ನಾಡ್ ಟು ಟೆಕ್ಸಾಸ್

ಟೀಚರ್ ಮೇಡಂ, ನಿಮ್ಮ ಚಾರ್ಟ್ ಪೇಪರ್ ಉಪಾಯ ಇವತ್ತೇ ಮಾಡಿ ನೋಡಿದೆ, ಅಮ್ಮನ ಫೋಟೋಗೆ. ಕಣ್ಣಿನ ಕೆಳಗಿನ ಕಪ್ಪು ನಿಜಕ್ಕೂ ಹೋಯಿತು.

ಅಮೆರಿಕದ ವಿಷಯ ಸೇರಿಸುತ್ತೇನೆ. ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಕೇಳಿಸಿಕೊಳ್ಳಿ. ಇಲ್ಲಿನ ವೀಸಾಕ್ಕೂ ಪಾಸ್‌ಪೋರ್ಟ್‌ಗೂ 2×2 ಇಂಚು, ಪೂರ್ತಿ ಚೌಕ. ನಮ್ಮ 3.5×4.5 ನಡೆಯುವುದಿಲ್ಲ. ಗಲ್ಲದಿಂದ ನೆತ್ತಿಯವರೆಗೆ 25ರಿಂದ 35 ಮಿ.ಮೀ. ಇರಬೇಕು. ವೀಸಾ ಅರ್ಜಿಗೆ ಅಪ್‌ಲೋಡ್ ಮಾಡುವ ಫೈಲ್ 600×600ರಿಂದ 1200×1200 ಪಿಕ್ಸೆಲ್, 240 ಕೆಬಿ ಒಳಗೆ. 2016ರ ನವೆಂಬರ್‌ನಿಂದ ಕನ್ನಡಕ ಹಾಕುವಂತಿಲ್ಲ. ಅಪ್ಪನಿಗೆ ಕನ್ನಡಕ ತೆಗೆದರೆ ಕಣ್ಣು ಕಿರಿದಾಗುತ್ತದೆ ಅಂತಿದ್ದರೆ, ಕಣ್ಣು ಮುಚ್ಚಿ ಮೂರು ಎಣಿಸಿ ಕಣ್ಣು ತೆರೆಯಲು ಹೇಳಿ, ತೆರೆದ ತಕ್ಷಣ ಕ್ಲಿಕ್ ಮಾಡಿ.

ಎಐನಿಂದ ಹಿನ್ನೆಲೆ ಬದಲಿಸಿದ, ಮುಖ ನುಣುಪು ಮಾಡಿದ ಫೋಟೋ ಬೇಡ ಅಂತ ಅಮೆರಿಕದ ವಿದೇಶಾಂಗ ಇಲಾಖೆ ಬರೆದೇ ಹೇಳಿದೆ. ಇಲ್ಲಿ ಔಷಧಿ ಅಂಗಡಿಯಲ್ಲಿ ಎರಡು ಫೋಟೋಗೆ 15 ಡಾಲರ್ ದಾಟುತ್ತದೆ. ಅದೇ ಅಂಗಡಿಯಲ್ಲಿ 4×6 ಪ್ರಿಂಟ್ ಒಂದು ಡಾಲರ್‌ಗೂ ಕಡಿಮೆ. ಲೆಕ್ಕಕ್ಕೆ ಆ ಹಾಳೆಯಲ್ಲಿ 6 ಕೂರುತ್ತವೆ, ಆದರೆ ಒಂದಕ್ಕೊಂದು ಅಂಟಿಕೊಂಡು, ಅಂಚೂ ಉಳಿಯದೆ. ಸ್ಟುಡಿಯೋ ಅಣ್ಣ ಹೇಳಿದ ಹಾಗೆ ಮೆಷಿನ್ ಸುತ್ತಲೂ ಕತ್ತರಿಸಿದರೆ ಎಲ್ಲವೂ ಹಾಳು. ಎರಡೋ ಮೂರೋ ಮಾತ್ರ ಜೋಡಿಸಿ, ನಡುವಿನಲ್ಲಿ ಇಡಿ.

ಬರ್‌ದುಬೈ ಮಾರಾಯ್ರು

ಇಲ್ಲಿ ನಮ್ಮ ಮಂಗಳೂರು, ಉಡುಪಿ ಕಡೆಯವರು ಸುಮಾರು ಜನ ಇದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಯುಎಇಯಲ್ಲಿ ಭಾರತದ ಪಾಸ್‌ಪೋರ್ಟ್ ನವೀಕರಿಸುವಾಗ ಊರಿನ ಸೇವಾ ಕೇಂದ್ರದ ಹಾಗೆ ಅಂದುಕೊಂಡು ಬರಿಗೈಯಲ್ಲಿ ಹೋಗಬೇಡಿ ಮಾರಾಯ್ರೆ. 2025ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ (ಐಸಿಎಒ) ನಿಯಮಕ್ಕೆ ಸರಿಹೊಂದುವ ಫೋಟೋ ಬೇಕು. 630×810 ಪಿಕ್ಸೆಲ್, ಬಿಳಿ ಹಿನ್ನೆಲೆ, ಮುಖ ಫೋಟೋದ 80ರಿಂದ 85 ಶೇಕಡಾ. ಹಳೆಯ ಫೋಟೋಗಳಲ್ಲಿ ಎದೆಯವರೆಗೆ ಬರುತ್ತಿತ್ತು, ಮುಖ ಸಣ್ಣದು. ಈಗ ಭುಜದ ಮೇಲ್ಭಾಗ ಕಂಡರೆ ಸಾಕು.

ಮನೆಯಲ್ಲಿ ತೆಗೆಯಬಹುದು. ಆದರೆ ಮುಖ ದೊಡ್ಡದಾಗಬೇಕು ಅಂತ ಹತ್ತಿರ ಹೋಗಬೇಡಿ. ದೂರದಿಂದಲೇ ತೆಗೆದು ಆಮೇಲೆ ಕತ್ತರಿಸಿ.

ಮ್ಯೂನಿಕ್ ಅಡುಗೆಮನೆ

ಜರ್ಮನಿಯಲ್ಲಿ ಇರುವವರಿಗೆ ಒಂದು ಎಚ್ಚರಿಕೆ. 2025ರ ಮೇ 1ರಿಂದ ಇಲ್ಲಿನ ಪಾಸ್‌ಪೋರ್ಟ್, ಗುರುತಿನ ಚೀಟಿ, ವಾಸದ ಪರವಾನಗಿಗೆ ಕಾಗದದ ಫೋಟೋ ತೆಗೆದುಕೊಳ್ಳುವುದಿಲ್ಲ. ಕಚೇರಿಯ ಯಂತ್ರದಲ್ಲೇ ತೆಗೆಸಬೇಕು, ಅದಕ್ಕೆ 6 ಯೂರೋ. ಇಲ್ಲವೇ ಮಾನ್ಯತೆ ಇರುವ ಫೋಟೋಗ್ರಾಫರ್ ನೇರವಾಗಿ ಕಚೇರಿಗೆ ಕಳಿಸಬೇಕು. ಇಬ್ಬರ ಮುಖ ಬೆರೆಸಿ ಒಂದು ಮಾಡುವ ಮೋಸ ತಡೆಯಲು ಹೀಗೆ ಮಾಡಿದ್ದಾರೆ. ಇಬ್ಬರಿಗೂ ಹೋಲುವ ಒಂದು ಫೋಟೋ ಮಾಡಿ, ಒಂದೇ ಪಾಸ್‌ಪೋರ್ಟ್‌ನಲ್ಲಿ ಇಬ್ಬರೂ ಓಡಾಡುವ ಹುನ್ನಾರ ಅದು. ಹಾಗಾಗಿ ಇಲ್ಲಿ ಮನೆಯ ಫೋಟೋದ ಆಸೆ ಬಿಡಿ.

ನನ್ನ ತಮ್ಮ ಕೆನಡಾದ ಪೌರ. ಅಲ್ಲಿನ ಪಾಸ್‌ಪೋರ್ಟ್ ಫೋಟೋ 50×70 ಮಿ.ಮೀ., ಹಿಂದೆ ಸ್ಟುಡಿಯೋದ ಹೆಸರು, ವಿಳಾಸ, ತೆಗೆದ ದಿನಾಂಕ ಇರಲೇಬೇಕು. ಅಲ್ಲೂ ಮನೆಯದ್ದು ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ ಇದಕ್ಕೆ ಉಲ್ಟಾ. ಆನ್‌ಲೈನ್ ಅರ್ಜಿಗೆ ಮನೆಯಲ್ಲಿ ಫೋನಿನಲ್ಲಿ ತೆಗೆದ ಫೋಟೋ ಸಾಕು, ಬೇರೆಯವರ ಕೈಯಲ್ಲಿ ತೆಗೆಸಿ ಅಂತ ಸರ್ಕಾರವೇ ಹೇಳುತ್ತದೆ.

ಊರಿನಿಂದ ಷೆಂಗೆನ್ ಪ್ರವಾಸಿ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿ ಹಾಕುವವರಿಗೆ ಕಾಗದದ ಫೋಟೋ ಬೇಕು, 35×45 ಮಿ.ಮೀ. ಗಲ್ಲದಿಂದ ನೆತ್ತಿಗೆ 32ರಿಂದ 36. ಊರಿನ ಸ್ಟುಡಿಯೋಗಳಲ್ಲಿ ಅಳತೆ ಸರಿಯಿದ್ದರೂ ಮುಖ ಚಿಕ್ಕದಿರುತ್ತದೆ. ಸ್ಕೇಲ್ ಇಟ್ಟು ಮುಖವನ್ನೂ ಅಳೆಯಿರಿ.

ಹುಬ್ಳಿ ಮಂದಿ

ಅಬ್ಬಾ, ದೇಶಕ್ಕೊಂದು ಅಳತೆ! ಇದನ್ನ ಉಳಿಸಿಟ್ಟುಕೊಳ್ಳತೇನ್ರಿ. ನಮ್ಮ ಮನ್ಯಾಗ ಒಂದು ಲೇಸರ್ ಪ್ರಿಂಟರ್ ಐತಿ. ಗ್ಲಾಸಿ ಫೋಟೋ ಪೇಪರ್ ತಂದು ಅದರಾಗೇ ಹಾಕಿದರ ಪ್ರಿಂಟಿನ ದುಡ್ಡೂ ಉಳಿಯೂದಿಲ್ಲೇನು?

ಸ್ಟುಡಿಯೋ ಅಣ್ಣ, ದಾವಣಗೆರೆ

ಬೇಡವೇ ಬೇಡ ಸರ್. ಅಂಗಡಿಯಲ್ಲಿ ಸಿಗುವ ಗ್ಲಾಸಿ ಪೇಪರ್ ಇಂಕ್‌ಜೆಟ್‌ಗೆ ಮಾಡಿದ್ದು. ಲೇಸರ್ ಪ್ರಿಂಟರ್ ಒಳಗೆ ಹಾಳೆಯನ್ನು ಬಿಸಿ ಮಾಡುವ ರೋಲರ್ ಇರುತ್ತದೆ. ಆ ಹೊಳಪಿನ ಲೇಪ ಕರಗಿ ರೋಲರ್‌ಗೆ ಅಂಟಿಕೊಂಡರೆ ರಿಪೇರಿಗೆ ಸಾವಿರಾರು ರೂಪಾಯಿ. 15 ರೂಪಾಯಿ ಉಳಿಸಲು ಹೋಗಿ ಪ್ರಿಂಟರೇ ಹೋಗುತ್ತದೆ.

ಇಂಕ್‌ಜೆಟ್ ಇದ್ದವರು ಮಾಡಬಹುದು. ಪ್ರಿಂಟ್ ಕೊಡುವಾಗ 'ಫಿಟ್ ಟು ಪೇಜ್' ತೆಗೆದು 'ಆಕ್ಚುಯಲ್ ಸೈಜ್' ಆರಿಸಿ, ಪೇಪರ್ ಬಗೆ ಗ್ಲಾಸಿ ಅಂತ ಹಾಕಿ. ಬಂದ ಮೇಲೆ ಒಂದು ಗಂಟೆ ಮುಟ್ಟದೆ ಒಣಗಲು ಬಿಡಿ. ಆದರೆ ನೀರಿನ ಒಂದು ಹನಿ ಬಿದ್ದರೂ ಕೆಲವು ಇಂಕು ಕದಡುತ್ತದೆ, ಅರ್ಜಿಗೆ ಗೋಂದು ಹಾಕಿದಾಗಲೂ ಹಾಗೇ. ವೀಸಾದಂಥದಕ್ಕೆ ಲ್ಯಾಬ್ ಪ್ರಿಂಟೇ ಗಟ್ಟಿ. ಸಾದಾ ಹಾಳೆಯ ಕಲರ್ ಜೆರಾಕ್ಸ್ ಎಲ್ಲೂ ಕೊಡಬೇಡಿ.

ಹೊಸಪೇಟೆ ಹುಡುಗ

ಅಕ್ಕಾ, ಡ್ರಾಯಿಂಗ್ ಶೀಟ್ ಅಂಟಿಸಿ, ಟೈಮರ್ ಹಾಕಿ ತೆಗೆದೆ. ಸೆಲ್ಫಿಗೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಇನ್ನು ಕತ್ತರಿಸುವುದು ಹೇಗೆ? ಕತ್ತರಿಯಲ್ಲಿ ಅಂಚು ಸೊಟ್ಟ ಆಗುತ್ತದೆ. ಮತ್ತೆ ಪ್ಯಾನ್ ಕಾರ್ಡಿಗೆ ಇದೇ ಸೈಜ್ ಆಗುತ್ತಾ? ಆನ್‌ಲೈನ್‌ನಲ್ಲಿ 'ಫೋಟೋ ಹಾಕಿ, ನಾವೇ ಹಾಳೆ ಮಾಡಿಕೊಡ್ತೀವಿ' ಅನ್ನುವ ಸೈಟುಗಳು ಬಹಳ ಇವೆ, ಅವು ನಂಬಬಹುದಾ?

ತುಂಗಾತೀರ, ಶಿವಮೊಗ್ಗ

ಆ ಸೈಟುಗಳಿಗೆ ಹಾಕಬೇಡ ತಮ್ಮಾ. ಸ್ಪಷ್ಟವಾದ, ನೇರ ನೋಡುವ ಮುಖ, ಜೊತೆಗೆ ಹೆಸರು, ಫೋನ್ ನಂಬರ್ ಕೂಡ ಕೇಳುತ್ತವೆ. ಈಗ ಬ್ಯಾಂಕು, ಸಿಮ್ಮು ಎಲ್ಲ ಮುಖ ನೋಡಿಯೇ ತೆರೆಯುವ ಕಾಲ. ನಾವು ಹೆಸರೇ ಕೇಳಿರದ ಸೈಟಿಗೆ ನಮ್ಮ ಮುಖ ಯಾಕೆ ಕೊಡಬೇಕು ಅಂತಲೂ ಯೋಚಿಸು. ಮಕ್ಕಳದ್ದಂತೂ ಕೊಡಲೇಬಾರದು. ಹಾಳೆ ಜೋಡಿಸುವುದು ಹತ್ತು ನಿಮಿಷದ ಕೆಲಸ. ಒಮ್ಮೆ ಖಾಲಿ ಚೌಕಗಳ ಹಾಳೆ ಮಾಡಿಟ್ಟುಕೊಂಡರೆ ಮುಂದಿನ ಸಲ ಮುಖ ಬದಲಿಸಿದರಾಯಿತು.

ಪ್ಯಾನ್‌ನ ಕಾಗದದ ಅರ್ಜಿಗೆ ಸೈಜ್ ಬೇರೆ, 2.5×3.5 ಸೆಂ.ಮೀ. ಪಾಸ್‌ಪೋರ್ಟ್ ಸೈಜ್ ಅಂಟಿಸಿದರೆ ಚೌಕದ ಆಚೆ ಹೋಗುತ್ತದೆ. ಅದೇ 4×6 ಹಾಳೆಯಲ್ಲಿ ಈ ಅಳತೆಯವು 12 ಆರಾಮಾಗಿ ಹಿಡಿಯುತ್ತವೆ. ನಾನು ಒಂದು ಸಾಲು ಪಾಸ್‌ಪೋರ್ಟ್ ಸೈಜ್ 4, ಇನ್ನೊಂದು ಸಾಲು ಸಣ್ಣವು 5 ಹಾಕಿಸುತ್ತೇನೆ. ಎರಡೂ ಬಗೆ ಒಂದೇ ಪ್ರಿಂಟ್‌ನಲ್ಲಿ ಮುಗಿಯುತ್ತದೆ.

ಕತ್ತರಿಸಲು ಕತ್ತರಿ ಬಿಡು. ಹಳೆ ರಟ್ಟಿನ ಮೇಲೆ ಹಾಳೆ ಇಟ್ಟು, ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಪೇಪರ್ ಕಟರ್ ಒಂದೇ ಸಲ ಎಳಿ. ಪ್ಲಾಸ್ಟಿಕ್ ಸ್ಕೇಲ್ ಆದರೆ ಬ್ಲೇಡು ಅದನ್ನೇ ಕೊರೆದುಬಿಡುತ್ತದೆ. ಹಾಳೆ ಜೋಡಿಸುವಾಗ ಪ್ರತಿ ಫೋಟೋಗೂ ಕೂದಲೆಳೆಯಷ್ಟು ಬೂದು ಗೆರೆ ಹಾಕಿಕೊಂಡಿದ್ದರೆ ಸ್ಕೇಲ್ ಎಲ್ಲಿ ಇಡಬೇಕು ಅಂತ ಗೊತ್ತಾಗುತ್ತದೆ. ಬಿಳಿ ಹಿನ್ನೆಲೆಯಲ್ಲಿ ಗೆರೆ ಇಲ್ಲದಿದ್ದರೆ ಫೋಟೋ ಎಲ್ಲಿ ಮುಗಿಯಿತು ಅಂತಲೇ ಕಾಣುವುದಿಲ್ಲ.

ಅರ್ಜಿಗೆ ಅಂಟಿಸುವಾಗ ಗಮ್ ನಾಲ್ಕು ಮೂಲೆಗೆ ಸ್ವಲ್ಪ ಸ್ವಲ್ಪ ಹಚ್ಚು, ಮುಖದ ಹಿಂದೆ ಬೇಡ, ಉಬ್ಬುತ್ತದೆ. ಉಳಿದವನ್ನು ಸಣ್ಣ ಕವರ್‌ಗೆ ಹಾಕಿ ಮೇಲೆ ತಿಂಗಳು, ವರ್ಷ ಬರೆದಿಡು. ಇತ್ತೀಚಿನ ಫೋಟೋ ಅಂತ ಕೇಳುವ ಕಡೆ ಹಳೆಯದು ಕೊಟ್ಟರೆ ಮತ್ತೆ ಓಡಾಟ.